ಗಂಡು ಮಕ್ಕಳು ನರ್ಸಿಂಗ್ ಓದಬಾರದೇ?

ಆಸ್ಪತ್ರೆಯ ವಾರ್ಡಿನಲ್ಲಿ ನರ್ಸನ್ನು ಕರೆಯಬೇಕಾದರೆ ನಾವು ಏನಂತ ಕರೆಯುತ್ತೇವೆ? "ಸಿಸ್ಟರ್" ಅಂತ. ವಿಕ್ರೋಳಿಯಿಂದ ಒಂದು ಸ್ಟೇಷನ್ ಆಚೆ ಇರುವ ಘಾಟ್ಕೋಪರಿನ ರಾಜಾವಾಡಿ ಆಸ್ಪತ್ರೆಗೆ ಹೋದರೂ ಅದೇ, ಮಂಗಳೂರಿನ ವೆನ್ಲಾಕಿಗೆ ಹೋದರೂ ಅದೇ. ಮುಂಬೈಯ ಸರಕಾರಿ ಆಸ್ಪತ್ರೆಗಳಲ್ಲಿ ಆಯಾಗಳನ್ನು 'ಮಾವಶಿ' ಎಂದೂ ವಾರ್ಡ್ ಬಾಯ್‌ಗಳನ್ನು 'ಮಾಮಾ' ಎಂದೂ ಕರೆಯುವ ರೂಢಿ ಇದೆ. ಅಂದರೆ ಯಾರು ಯಾವ ಕೆಲಸ ಮಾಡಬೇಕು ಎಂಬುದನ್ನು ಸಂಬಂಧದ ಹೆಸರುಗಳಲ್ಲೇ ಹಂಚಿ ಆಗಿದೆ. ಔಷಧಿ ಕೊಡುವವಳು ಅಕ್ಕ, ನೆಲ ಒರೆಸುವವಳು ಚಿಕ್ಕಮ್ಮ, ಸ್ಟ್ರೆಚರ್ ತಳ್ಳುವವನು ಮಾವ. ಹಾಗಾದರೆ ಇಂಜೆಕ್ಷನ್ ಕೊಡುವ ಅಣ್ಣನಿಗೆ ಈ ಸಂಸಾರದಲ್ಲಿ ಜಾಗ ಎಲ್ಲಿ?

ಇದು ಬರೀ ಮಾತಿನ ವಿಷಯ ಅಲ್ಲ. ಪ್ರತಿ ವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಾಗ ನಮ್ಮ ಎಷ್ಟೋ ಮನೆಗಳಲ್ಲಿ ಒಂದು ಸಣ್ಣ ಜಗಳ ನಡೆಯುತ್ತದೆ. ವಿಜ್ಞಾನ ಓದಿದ ಹುಡುಗ, ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಇಲ್ಲ, ಕೊಂಡುಕೊಳ್ಳುವಷ್ಟು ಹಣವೂ ಇಲ್ಲ. "ಬಿಎಸ್ಸಿ ನರ್ಸಿಂಗ್ ಮಾಡ್ತೇನೆ" ಅಂದರೆ ಸಾಕು, ಮನೆ ಮೌನ. ಆಮೇಲೆ ಒಬ್ಬೊಬ್ಬರದೂ ಒಂದೊಂದು ಮಾತು. ಅದು ಹೆಂಗಸರ ಕೆಲಸ ಅಲ್ವಾ? ನಾಳೆ ಹೆಣ್ಣು ಕೇಳಲು ಹೋದಾಗ ಏನು ಹೇಳುವುದು? ಕಡೆಗೆ ಹುಡುಗ ಮನಸ್ಸಿಲ್ಲದ ಯಾವುದೋ ಕೋರ್ಸಿಗೆ ಸೇರುತ್ತಾನೆ, ಇಲ್ಲವೇ ಅಂಗಡಿಯಲ್ಲಿ ನಿಲ್ಲುತ್ತಾನೆ. ಒಂದು ಒಳ್ಳೆಯ ವೃತ್ತಿ ಅವನ ಕೈತಪ್ಪುತ್ತದೆ, ಒಬ್ಬ ಒಳ್ಳೆಯ ನರ್ಸ್ ರೋಗಿಗಳ ಕೈತಪ್ಪುತ್ತಾನೆ.

"ಹೆಂಗಸರ ಕೆಲಸ" ಎಂಬ ಮಾತನ್ನು ಸ್ವಲ್ಪ ಪರೀಕ್ಷೆ ಮಾಡೋಣ. ವಿಕ್ರೋಳಿ ದುಡಿಯುವ ಜನರ ಊರು. ಒಂದು ಕಡೆ ಗೋದ್ರೆಜ್ ಕಾರ್ಖಾನೆಗಳು, ಇನ್ನೊಂದು ಕಡೆ ಪಾರ್ಕ್‌ಸೈಟಿನ ಗುಡ್ಡಕ್ಕೆ ಅಂಟಿಕೊಂಡ ಮನೆಗಳು. ನಮ್ಮ ಕರಾವಳಿಯಿಂದ ಮುಂಬೈಗೆ ಬಂದ ಹಿಂದಿನ ತಲೆಮಾರಿನ ಗಂಡಸರು ಏನು ಕೆಲಸ ಮಾಡಿದರು? ಬಹಳ ಮಂದಿ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿದರು, ದೋಸೆ ಹುಯ್ದರು, ತಟ್ಟೆ ತೊಳೆದರು, ಟೇಬಲ್ ಒರೆಸಿದರು. ಊರಿನಲ್ಲಿ ಇದೆಲ್ಲ ಹೆಂಗಸರ ಕೆಲಸವೇ. ಮುಂಬೈಯಲ್ಲಿ ಸಂಬಳ ಬಂದ ಕೂಡಲೇ ಅದು ಗಂಡಸರ ಕೆಲಸವಾಯಿತು. ಅವರ ಗಂಡಸುತನಕ್ಕೆ ಏನೂ ಆಗಲಿಲ್ಲ, ಆ ದುಡಿಮೆಯಲ್ಲೇ ನಮ್ಮ ಮನೆಗಳು ಎದ್ದವು. ಹಾಗಿರುವಾಗ ಹಸಿದವನಿಗೆ ಬಡಿಸುವ ಗಂಡಸಿಗೆ ಇರುವ ಮರ್ಯಾದೆ ರೋಗಿಗೆ ಗಂಜಿ ಕುಡಿಸುವ ಗಂಡಸಿಗೆ ಯಾಕಿಲ್ಲ?

ಚರಿತ್ರೆಯನ್ನೂ ನೋಡಿ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಕಾಲುಗಳು ಎನ್ನುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳು ಆರೈಕೆಯ ತಿಳಿವಳಿಕೆ, ಕೌಶಲ, ರೋಗಿಯ ಮೇಲೆ ಪ್ರೀತಿ, ಶುಚಿತ್ವ. ಇದರಲ್ಲಿ ಹೆಂಗಸರಿಗೆ ಮಾತ್ರ ಸಾಧ್ಯವಾಗುವಂಥದ್ದು ಯಾವುದಿದೆ? 'ಶುಶ್ರೂಷೆ' ಎಂಬ ಪದಕ್ಕೆ ಮೂಲದಲ್ಲಿ 'ಕೇಳುವ ಇಚ್ಛೆ' ಎಂದು ಅರ್ಥ. ರೋಗಿ ಏನು ಹೇಳುತ್ತಾನೆ ಎಂದು ಕಿವಿಗೊಡುವವನೇ ಶುಶ್ರೂಷಕ.

ಇಸ್ಲಾಮಿನ ಚರಿತ್ರೆಯಲ್ಲಿ ಪ್ರವಾದಿಯವರ (ಸ) ಕಾಲದಲ್ಲಿ ಗಾಯಾಳುಗಳ ಆರೈಕೆ ಮಾಡಿದ ರುಫೈದಾ ಅವರ ಹೆಸರು ನಿಮಗೆ ಗೊತ್ತಿರಬಹುದು. ಮಸೀದಿಯ ಬಳಿಯಲ್ಲೇ ಅವರ ಡೇರೆ ಇತ್ತು. ಅದರ ಜೊತೆಗೆ ಇನ್ನೊಂದನ್ನೂ ತಿಳಿದಿರಬೇಕು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ದೊಡ್ಡ ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಾರ್ಡುಗಳಿದ್ದವು, ಗಂಡಸರ ವಾರ್ಡಿನಲ್ಲಿ ಗಂಡಸರೇ ಆರೈಕೆ ಮಾಡುತ್ತಿದ್ದರು. ಯುರೋಪಿನಲ್ಲೂ ಹಾಗೆಯೇ. 16ನೇ ಶತಮಾನದ ಇಟಲಿಯಲ್ಲಿ ಕಮಿಲ್ಲಸ್ ಎಂಬ ಮಾಜಿ ಸೈನಿಕ ರೋಗಿಗಳ ಸೇವೆಗಾಗಿಯೇ ಗಂಡಸರ ಒಂದು ಸಂಘ ಕಟ್ಟಿದ್ದ.

ಹಾಗಾದರೆ ನರ್ಸ್ ಅಂದರೆ ಹೆಣ್ಣು ಎಂದಾದದ್ದು ಯಾವಾಗ? ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. ಮರ್ಯಾದಸ್ಥ ಮನೆಯ ಹೆಣ್ಣು ಮಕ್ಕಳು ಹೊರಗೆ ದುಡಿಯುವುದೇ ತಪ್ಪು ಎನ್ನುತ್ತಿದ್ದ ಕಾಲದಲ್ಲಿ ಅವರಿಗೆ ಒಂದು ಗೌರವದ ವೃತ್ತಿ ಸಿಕ್ಕಿತು. ಅದು ದೊಡ್ಡ ಸಾಧನೆ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಅದೇ ಹೊತ್ತಿಗೆ ಗಂಡಸರಿಗೆ ಬಾಗಿಲು ಮುಚ್ಚಿಕೊಂಡಿತು. ಅಮೆರಿಕದ ಸೇನೆಯ ನರ್ಸ್ ದಳಕ್ಕೆ ಗಂಡಸರು ಸೇರಿದ್ದು 1955ರಲ್ಲಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಗಂಡಸರನ್ನು ಸದಸ್ಯರಾಗಿ ಒಪ್ಪಿಕೊಂಡದ್ದು 1960ರಲ್ಲಿ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಿಸಿಸಿಪಿಯ ಮಹಿಳಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಗೆ ಒಬ್ಬ ಗಂಡಸನ್ನು ಸೇರಿಸಿಕೊಳ್ಳಲೇಬೇಕು ಎಂದಿತು. ತೀರ್ಪು ಬರೆದವರು ಆ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್. ಗಂಡಸರನ್ನು ಹೊರಗಿಟ್ಟರೆ ನರ್ಸಿಂಗ್ ಹೆಂಗಸರದ್ದೇ ಎಂಬ ಹಳೆಯ ಕಲ್ಪನೆ ಗಟ್ಟಿಯಾಗುತ್ತದೆ ಎಂಬುದು ಅವರ ವಾದ.

ನಮ್ಮ ದೇಶದ್ದು ಏನು ಕಥೆ? ಸೇನೆಯ ನರ್ಸಿಂಗ್ ಸೇವೆಗೆ 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟಿಷರು ಒಂದು ಸುಗ್ರೀವಾಜ್ಞೆ ತಂದರು. ಅದರ 6ನೇ ಸೆಕ್ಷನ್ ಪ್ರಕಾರ ಅಧಿಕಾರಿಯಾಗಲು ಹೆಣ್ಣಾಗಿರಬೇಕು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಆ ಒಂದು ಪದ ಮಾತ್ರ ಹಾಗೇ ಉಳಿಯಿತು. 2010ರ ನೇಮಕಾತಿ ಜಾಹೀರಾತನ್ನು ಪ್ರಶ್ನಿಸಿ ಕರ್ನಾಟಕದ ಗಂಡು ನರ್ಸ್‌ಗಳು ಹೈಕೋರ್ಟಿಗೆ ಹೋದರು. 2025ರ ಜನವರಿಯಲ್ಲಿ ಧಾರವಾಡ ಪೀಠ ತೀರ್ಪು ಕೊಟ್ಟು, ಆ ಸೆಕ್ಷನ್ನಿನ ಹೆಣ್ಣಿಗೆ ಮಾತ್ರ ಎಂಬ ಭಾಗ ಸಂವಿಧಾನಕ್ಕೆ ವಿರುದ್ಧ ಎಂದಿತು. ಹೆಂಗಸರಿಗಾಗಿ ವಿಶೇಷ ಅನುಕೂಲ ಮಾಡಲು ಸಂವಿಧಾನದ 15(3)ನೇ ವಿಧಿ ಅವಕಾಶ ಕೊಡುತ್ತದೆ, ನಿಜ. ಆದರೆ ವಿಶೇಷ ಅನುಕೂಲ ಬೇರೆ, ನೂರಕ್ಕೆ ನೂರು ಬಾಗಿಲು ಹಾಕುವುದು ಬೇರೆ.

ಈ ಹಳೆಯ ಕಲ್ಪನೆಯಿಂದ ಹೆಂಗಸರಿಗೆ ಲಾಭವಾಯಿತು ಎಂದು ತಿಳಿಯಬೇಡಿ. ಅದೇ ಸೇನಾ ನರ್ಸಿಂಗ್ ಸೇವೆಯಿಂದ 1988ರಲ್ಲಿ ಒಬ್ಬ ಅಧಿಕಾರಿಯನ್ನು ಮದುವೆಯಾದಳು ಎಂಬ ಕಾರಣಕ್ಕೆ ಮನೆಗೆ ಕಳಿಸಿದ್ದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದು ಲಿಂಗ ತಾರತಮ್ಯ ಎಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನರ್ಸ್ ಅಂದರೆ ಹೆಣ್ಣು, ಹೆಣ್ಣು ಅಂದರೆ ಮದುವೆಯ ನಂತರ ಮನೆ: ಎರಡೂ ಒಂದೇ ತಲೆಯಿಂದ ಹುಟ್ಟಿದ ಲೆಕ್ಕ. ಒಂದು ಗಂಡಸನ್ನು ಒಳಗೆ ಬಿಡುವುದಿಲ್ಲ, ಇನ್ನೊಂದು ಹೆಂಗಸನ್ನು ಒಳಗೆ ಇರಲು ಬಿಡುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ನರ್ಸ್ ಏನು ಮಾಡುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ "ಇಂಜೆಕ್ಷನ್ ಕೊಡ್ತಾರೆ, ಡಾಕ್ಟರ್ ಹೇಳಿದ್ದು ಮಾಡ್ತಾರೆ" ಎಂದು. ಒಂದು ಸಣ್ಣ ಲೆಕ್ಕ ನೋಡಿ. 500 ಮಿಲಿ ಗ್ಲೂಕೋಸ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ 1 ಮಿಲಿಗೆ 20 ಹನಿ. ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ವಯಸ್ಸಾದ ಹೃದ್ರೋಗಿಗೆ ಇದು ಬೇಗ ಬೇಗ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಸಿಗೆ ಹಿಡಿದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಸೋಂಕು ರಕ್ತಕ್ಕೆ ಏರುವಾಗ ಉಸಿರಾಟದ ವೇಗ ಮೊದಲೇ ಹೆಚ್ಚುವುದುಂಟು. ರಾತ್ರಿ ಮೂರು ಗಂಟೆಗೆ ಅದನ್ನು ಗಮನಿಸಿ ಡಾಕ್ಟರನ್ನು ಎಬ್ಬಿಸುವವರು ನರ್ಸ್. ಇಲ್ಲಿ ಬೇಕಾದದ್ದು ಗಣಿತ, ಗಮನ, ತಾಳ್ಮೆ. ಇವು ಕಲಿತರೆ ಬರುತ್ತವೆ, ಗಂಡಿಗೂ ಬರುತ್ತವೆ, ಹೆಣ್ಣಿಗೂ ಬರುತ್ತವೆ.

ನಮ್ಮ ಸಮುದಾಯದ ಓದುಗರ ಮುಂದೆ ಇನ್ನೊಂದು ಮಾತು ಇಡಬೇಕು. ನಮ್ಮ ತಾಯಿ, ಅಕ್ಕ ತಂಗಿಯರನ್ನು ಲೇಡಿ ಡಾಕ್ಟರೇ ನೋಡಬೇಕು ಎಂದು ನಾವು ಬಯಸುತ್ತೇವೆ. ಅದಕ್ಕಾಗಿ ದೂರದ ಆಸ್ಪತ್ರೆಗೂ ಹೋಗುತ್ತೇವೆ. ಸರಿ. ಆದರೆ ಹಾಸಿಗೆ ಹಿಡಿದ ಅಪ್ಪನಿಗೆ ನಾಚಿಕೆ ಇಲ್ಲವೇ? ಪಾರ್ಶ್ವವಾಯು ಬಡಿದ ಎಪ್ಪತ್ತರ ಮುದುಕನಿಗೆ ಮೈ ಒರೆಸಬೇಕು, ಮೂತ್ರದ ನಳಿಗೆ ಹಾಕಬೇಕು, ಎನಿಮಾ ಕೊಡಬೇಕು. ಬಾಯಿಬಿಟ್ಟು ಹೇಳದಿದ್ದರೂ ಒಬ್ಬ ಗಂಡಸು ಈ ಕೆಲಸ ಮಾಡಿದರೆ ಅವರಿಗೆ ಎಷ್ಟೋ ನೆಮ್ಮದಿ. ಆಗ ನಾವು "ಗಂಡು ನರ್ಸ್ ಯಾರೂ ಇಲ್ವಾ?" ಎಂದು ಕೇಳುತ್ತೇವೆ. ಎಲ್ಲಿಂದ ಬರಬೇಕು ಅವರು? ನಮ್ಮ ಅಪ್ಪನಿಗೆ ಗಂಡು ನರ್ಸ್ ಬೇಕು, ನಮ್ಮ ಮಗ ಮಾತ್ರ ನರ್ಸ್ ಆಗಬಾರದು. ಈ ಲೆಕ್ಕ ಕೂಡುವುದಿಲ್ಲ.

ಹಾಗೆಂದು ಗಂಡು ನರ್ಸ್ ಗಂಡಸರಿಗೆ ಮಾತ್ರ ಎಂದೂ ಅಲ್ಲ. ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಕ್ಯಾಶುವಾಲಿಟಿ ಇಲ್ಲೆಲ್ಲ ಜೀವ ಉಳಿಸುವುದು ಮೊದಲು. ಹೆಂಗಸರ ಖಾಸಗಿ ಪರೀಕ್ಷೆ, ಹೆರಿಗೆ ಮುಂತಾದಲ್ಲಿ ರೋಗಿಯ ಒಪ್ಪಿಗೆ, ಜೊತೆಗೊಬ್ಬ ಮಹಿಳಾ ಸಿಬ್ಬಂದಿ ಇರಬೇಕು. ಗಂಡು ಡಾಕ್ಟರುಗಳು ಪಾಲಿಸುವ ನಿಯಮವೇ ಇದು. ಗಂಡು ಡಾಕ್ಟರನನ್ನು ಒಪ್ಪಿಕೊಂಡ ನಾವು ಗಂಡು ನರ್ಸನ್ನು ಕಂಡು ಗಾಬರಿಯಾಗುವುದು ಯಾಕೆ?

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ನರ್ಸ್‌ಗಳಿದ್ದಾರೆ, ಅವರಲ್ಲಿ ನೂರಕ್ಕೆ 85 ಮಂದಿ ಹೆಂಗಸರು. ಈ ವೃತ್ತಿಯನ್ನು ಕಟ್ಟಿದವರು, ಕಡಿಮೆ ಸಂಬಳದಲ್ಲೂ ಉಳಿಸಿಕೊಂಡವರು ಅವರು. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ಒಂದು ವಿಷಯ ತೋರಿಸಿದರು: ಹೆಂಗಸರೇ ಹೆಚ್ಚಿರುವ ವೃತ್ತಿಗಳಿಗೆ ಬಂದ ಗಂಡಸರು ಬೇಗ ಬೇಗ ಮೇಲಿನ ಹುದ್ದೆಗೆ ಏರುತ್ತಾರೆ. ಅವರು ಇದನ್ನು ಗಾಜಿನ ಎಸ್ಕಲೇಟರ್ ಎಂದು ಕರೆದರು. ಹೊರಗಿನ ಜನ ನಗುತ್ತಾರೆ, ಒಳಗಿನ ವ್ಯವಸ್ಥೆ ಮೇಲೆ ಎತ್ತುತ್ತದೆ. ನಮ್ಮಲ್ಲಿ ಏಮ್ಸ್ ಆಸ್ಪತ್ರೆಗಳು 2019ರಲ್ಲಿ ನರ್ಸಿಂಗ್ ಆಫೀಸರ್ ನೇಮಕಾತಿಗೆ ಹೆಂಗಸರಿಗೆ 80, ಗಂಡಸರಿಗೆ 20 ಎಂಬ ಪಾಲು ಮಾಡಿದಾಗ ಗಂಡು ನರ್ಸ್‌ಗಳು ಪ್ರತಿಭಟಿಸಿದರು. ಅರ್ಹತೆ ಇದ್ದರೂ ಅವಕಾಶ ಇಲ್ಲ ಎಂಬ ಅವರ ನೋವಿನಲ್ಲಿ ಸತ್ಯವಿದೆ. ಹೆಂಗಸರ ಕೈಯಲ್ಲಿರುವ ಕೆಲವೇ ಒಳ್ಳೆಯ ಉದ್ಯೋಗಗಳಲ್ಲಿ ಇದೂ ಒಂದು, ಅದು ಹೋಗಬಾರದು ಎಂಬ ಆತಂಕದಲ್ಲೂ ಸತ್ಯವಿದೆ. ಈ ವೃತ್ತಿಗೆ ಬರುವ ಹುಡುಗ ಎರಡನ್ನೂ ತಿಳಿದುಕೊಂಡು ಬರಬೇಕು. ಅಲ್ಲಿ ಅವನಿಗೆ ಕಲಿಸುವವರು, ಮೇಲಿನವರು ಬಹುತೇಕ ಹೆಂಗಸರೇ ಆಗಿರುತ್ತಾರೆ. ಅವರ ಮಾತು ಕೇಳಿ ಕಲಿಯುವುದು ಅವನ ಶಿಕ್ಷಣದ ಒಂದು ಭಾಗ.

ಹೆಸರುಗಳೂ ಮೆಲ್ಲಗೆ ಬದಲಾಗುತ್ತಿವೆ. ಕೇಂದ್ರ ಸರಕಾರ 2016ರಲ್ಲಿ ಸ್ಟಾಫ್ ನರ್ಸ್ ಹುದ್ದೆಯನ್ನು ನರ್ಸಿಂಗ್ ಆಫೀಸರ್ ಎಂದೂ ನರ್ಸಿಂಗ್ ಸಿಸ್ಟರ್ ಹುದ್ದೆಯನ್ನು ಸೀನಿಯರ್ ನರ್ಸಿಂಗ್ ಆಫೀಸರ್ ಎಂದೂ ಬದಲಿಸಿತು. ಕರ್ನಾಟಕದಲ್ಲಿ ಈಗ 'ಶುಶ್ರೂಷಾಧಿಕಾರಿ' ಎನ್ನುತ್ತಾರೆ.

ವಿದ್ಯಾರ್ಥಿಗಳಿಗೆ ಒಂದಿಷ್ಟು ವಿವರ. ಬಿಎಸ್ಸಿ ನರ್ಸಿಂಗ್ 4 ವರ್ಷದ ಕೋರ್ಸು. 17 ವರ್ಷ ತುಂಬಿರಬೇಕು, ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗಕ್ಕೆ 45 ಶೇಕಡಾ ಅಂಕ ಬೇಕು. ಜಿಎನ್ಎಂ 3 ವರ್ಷದ ಡಿಪ್ಲೊಮಾ, ಇದಕ್ಕೆ ಕಲಾ, ವಾಣಿಜ್ಯ ಓದಿದವರೂ ಸೇರಬಹುದು. ಎಎನ್ಎಂ ಮಾತ್ರ ಹೆಣ್ಣು ಮಕ್ಕಳಿಗೆ. ಏಮ್ಸ್‌ನಂಥ ಕೇಂದ್ರ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್‌ಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 44,900 ರೂಪಾಯಿಯಿಂದ ಆರಂಭ. ಖಾಸಗಿ ಆಸ್ಪತ್ರೆಗಳಲ್ಲಿ ಶುರುವಿನ ಸಂಬಳ ಬಹಳ ಕಡಿಮೆ ಇರುವುದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಗಲ್ಫಿಗೆ ಹೋಗುವವರಿಗೆ ಅನುಭವ, ಪ್ರಮಾಣಪತ್ರಗಳ ಪರಿಶೀಲನೆ, ಆ ದೇಶದ ಲೈಸೆನ್ಸ್ ಪರೀಕ್ಷೆ ಇವೆಲ್ಲ ಇವೆ.

ಮಂಗಳೂರು, ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ. ಮುಂಬೈಯಿಂದ ಅಲ್ಲಿಗೆ ಓದಲು ಹೋಗುವವರು ಏಜೆಂಟರ ಮಾತಿನ ಮೇಲೆ ಹಣ ಕಟ್ಟಬೇಡಿ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ ನೋಡಿ. ಕಟ್ಟಡ ದೊಡ್ಡದಿದ್ದು ವಾರ್ಡು ಖಾಲಿ ಇದ್ದರೆ ಅಲ್ಲಿ ಕಲಿಯುವುದು ಏನೂ ಇರುವುದಿಲ್ಲ. ಕರ್ನಾಟಕದಲ್ಲಿ ಓದಿ ಮುಂಬೈಯಲ್ಲಿ ಕೆಲಸ ಮಾಡುವುದಾದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಮಾಡಿಸಬೇಕು.

ವಿಕ್ರೋಳಿಯ ಕನ್ನಮ್‌ವಾರ್ ನಗರದ ಪಾಲಿಕೆ ಆಸ್ಪತ್ರೆಗೆ ಮಹಾತ್ಮಾ ಜೋತಿಬಾ ಫುಲೆ ಅವರ ಹೆಸರಿದೆ. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣು ಮಕ್ಕಳ ಶಾಲೆ ತೆರೆದಾಗ ಜನ ಬೈದದ್ದೂ ಇದೇ ಮಾತಿನಲ್ಲಿ: ಓದು ಗಂಡಸರ ಕೆಲಸ. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ರೋಗಿಗಳ ಸೇವೆ ಮಾಡುತ್ತಲೇ ಆ ರೋಗಕ್ಕೆ ಬಲಿಯಾದರು. ಅವರ ಜೊತೆ ಅದೇ ಸೇವೆಯಲ್ಲಿ ನಿಂತವನು ಅವರ ಸಾಕುಮಗ, ಡಾಕ್ಟರ್ ಯಶವಂತ. ತಾಯಿ ಮಾಡಿದ ಕೆಲಸ ಹೆಂಗಸರದ್ದು, ಮಗ ಮಾಡಿದ್ದು ಗಂಡಸರದ್ದು ಎಂದು ಆ ರೋಗಿಗಳು ವಿಂಗಡಿಸಿರಲಾರರು.

ಈ ವರ್ಷ ನಿಮ್ಮ ಮನೆಯ ಹುಡುಗ ನರ್ಸಿಂಗ್ ಓದುತ್ತೇನೆ ಎಂದರೆ ಅವನನ್ನು ಕೂರಿಸಿ ಕೆಲವು ಪ್ರಶ್ನೆ ಕೇಳಿ. ರಾತ್ರಿ ಪಾಳಿ ಮಾಡ್ತೀಯಾ? ರಕ್ತ, ವಾಂತಿ, ಹುಣ್ಣು ನೋಡಿ ಮುಖ ತಿರುಗಿಸದೆ ಇರ್ತೀಯಾ? ಬೈಯುವ ರೋಗಿಯ ಹತ್ತಿರವೂ ತಾಳ್ಮೆಯಿಂದ ಮಾತಾಡ್ತೀಯಾ? ಅವನು ಯೋಚಿಸಿ ಹೌದು ಅಂದರೆ ಫಾರ್ಮ್ ತುಂಬಿಸಿ. ಜನ ಏನಂತಾರೆ ಎಂಬ ಪ್ರಶ್ನೆಯನ್ನು ಮಾತ್ರ ಅವನಿಗೆ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾದವರು ನಾವು.