ಹೊಗೆಯಿಲ್ಲದ ಕೆಂಡ ಟೆಂಟ್ ಒಳಗೆ ಇಡಬಹುದೇ? ಒಂಟಿ ಬೈಕ್ ಕ್ಯಾಂಪಿಂಗ್ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ

ಚಳಿ ಶುರುವಾದರೆ ಬೈಕ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಬ್ಬರೇ ಬೈಕ್ ಹತ್ತಿ ಹೋಗಿ, ನಯಾಪೈಸೆ ಖರ್ಚಿಲ್ಲದೆ ಬೆಟ್ಟದಲ್ಲೋ ಕಾಡಂಚಿನಲ್ಲೋ ಟೆಂಟ್ ಹಾಕಿ ಮಲಗುವುದು ಹೇಗೆ ಎಂಬ ಟಿಪ್ಸ್. ಟೆಂಟ್ ಸುತ್ತ ಉಪ್ಪು ಹಾಕಿ, ಹಾವು ಬರುವುದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ 112 ಹೋಗುತ್ತದೆ. ಒಂದು ಪೆಗ್ ರಮ್ ಕುಡಿದರೆ ಮೈ ಬೆಚ್ಚಗಾಗುತ್ತದೆ. ಸರ್ಕಾರಿ ಜಾಗ ಎಲ್ಲರದ್ದು, ಯಾರೂ ಕೇಳುವ ಹಾಗಿಲ್ಲ. ಇವುಗಳ ನಡುವೆ ಇನ್ನೊಂದು ಇರುತ್ತದೆ: ಹೊಗೆ ಪೂರ್ತಿ ಹೋದ ಮೇಲೆ ಕೆಂಡವನ್ನು ತಗಡಿನ ಡಬ್ಬಿಗೆ ಹಾಕಿ ಟೆಂಟ್ ಒಳಗೆ ಇಟ್ಟುಕೊಳ್ಳಿ, ಜಿಪ್ ನಾಲ್ಕು ಬೆರಳಷ್ಟು ತೆರೆದಿದ್ದರೆ ಸಾಕು, ರಾತ್ರಿಯಿಡೀ ಬಿಸಿ ಇರುತ್ತದೆ.

ಉಳಿದ ತಪ್ಪು ಸಲಹೆಗಳಿಂದ ತೊಂದರೆಯಾದರೆ ನಿಮಗೆ ಗೊತ್ತಾಗುತ್ತದೆ. ಈ ಕೊನೆಯದರಲ್ಲಿ ಗೊತ್ತಾಗುವುದೇ ಇಲ್ಲ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ಹೊಗೆ ಎಂದರೆ ಅರೆಬರೆ ಸುಟ್ಟ ಕಣಗಳು. ಅದು ಕಣ್ಣು ಉರಿಸುತ್ತದೆ, ಕೆಮ್ಮು ಬರಿಸುತ್ತದೆ, ಎದ್ದು ಹೊರಗೆ ಓಡುವಂತೆ ಮಾಡುತ್ತದೆ. ಒಂದರ್ಥದಲ್ಲಿ ಅದು ಉಪಕಾರಿ. ಕೆಂಡ ನಿಗಿನಿಗಿ ಹೊಳೆಯುವ ಹಂತಕ್ಕೆ ಬಂದಾಗ ಹೊಗೆ ನಿಲ್ಲುತ್ತದೆ, ಆದರೆ ಸುಡುವುದು ನಿಂತಿರುವುದಿಲ್ಲ. ಸಾಕಷ್ಟು ಗಾಳಿ ಸಿಗದೆ ಮೆಲ್ಲಗೆ ಸುಡುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತಲೇ ಇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವ ಗುಣವೂ ಇಲ್ಲ. ಅಂದರೆ ಹೊಗೆ ಹೋದ ಮೇಲೆ ಉಳಿದದ್ದು ಅಪಾಯ, ಹೋದದ್ದು ಎಚ್ಚರಿಕೆಯ ಗಂಟೆ.

ಇದು ದೇಹದಲ್ಲಿ ಏನು ಮಾಡುತ್ತದೆ? ನಾವು ಉಸಿರಾಡಿದ ಆಮ್ಲಜನಕವನ್ನು ಮೈಯೆಲ್ಲ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೆನಪಿಸಿಕೊಳ್ಳಿ. ಹತ್ತು ಜನ ಟವೆಲ್ ಹಾಕಿದರೆ ನೂರು ಜನ ಹೊರಗೆ ನಿಂತರೂ ಸೀಟಿಲ್ಲ. ಹಾಗೆಯೇ ಗಾಳಿಯಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೆದುಳಿಗೆ, ಹೃದಯಕ್ಕೆ ತಲುಪುವುದಿಲ್ಲ.

ಮೊದಲು ತಲೆನೋವು, ವಾಕರಿಕೆ, ಸುಸ್ತು. ಆಮೇಲೆ ಗೊಂದಲ, ನಂತರ ಪ್ರಜ್ಞೆ ತಪ್ಪುವುದು. ದಿನವಿಡೀ ನಾಲ್ಕು ನೂರು ಕಿಲೋಮೀಟರ್ ಬೈಕ್ ಓಡಿಸಿ ಬಂದವರಿಗೆ ಇದರಲ್ಲಿ ಮೊದಲ ಮೂರೂ ಹೇಗೂ ಇರುತ್ತವೆ. ದಾರಿಯ ಆಯಾಸ ಅಂದುಕೊಂಡು ಮಲಗುತ್ತಾರೆ. ಮಲಗಿದವರನ್ನು ಈ ಅನಿಲ ಎಬ್ಬಿಸುವುದಿಲ್ಲ.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟೊಂದರಲ್ಲಿ ಕೇರಳದ ಎಂಟು ಪ್ರವಾಸಿಗರು ಒಂದೇ ಕೋಣೆಯಲ್ಲಿ ಮಲಗಿದ್ದು ಸತ್ತುಹೋದರು. ಅವರಲ್ಲಿ ಮಕ್ಕಳೂ ಇದ್ದರು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು, ಕಿಟಕಿ ಮುಚ್ಚಿಕೊಂಡಿದ್ದರು. ಎಂಟು ಜನರಲ್ಲಿ ಒಬ್ಬರಿಗೂ ಎಚ್ಚರವಾಗಲಿಲ್ಲ ಎಂಬುದನ್ನು ಗಮನಿಸಿ. ಅದು ಕೋಣೆ. ಒಬ್ಬರು ಮಲಗುವ ಟೆಂಟ್ ಒಳಗಿನ ಗಾಳಿ ಅದಕ್ಕೆ ಹೋಲಿಸಿದರೆ ತುಂಬ ಕಡಿಮೆ.

ಇಲ್ಲಿ ಫಾರ್ವರ್ಡ್ ಕಳಿಸುವವರು ಕೆಲವು ವಾದ ಹೂಡುತ್ತಾರೆ. ಜಿಪ್ ತೆರೆದಿದೆಯಲ್ಲ? ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕದ್ದು. ಅದು ಮೇಲೆ ಹಾರಿ ಹೋಗುವುದಿಲ್ಲ, ಕೆಳಗೆ ಕೂರುವುದೂ ಇಲ್ಲ, ಒಳಗೆಲ್ಲ ಬೆರೆಯುತ್ತದೆ. ನಾಲ್ಕು ಬೆರಳಿನ ಸಂದಿ ಅದನ್ನು ಹೊರಹಾಕುತ್ತದೆಂಬ ಭರವಸೆಯಿಲ್ಲ. ಮೇಣದಬತ್ತಿ ಉರಿಯುತ್ತಿದ್ದರೆ ಗಾಳಿ ಸರಿ ಇದೆ ಎಂದಲ್ಲವೇ? ಅಲ್ಲ. ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡ. ಅದು 16–17ಕ್ಕೆ ಇಳಿದರೆ ಬತ್ತಿ ಆರುತ್ತದೆ. ಕಾರ್ಬನ್ ಮೊನಾಕ್ಸೈಡ್ ಕೇವಲ 0.1–0.2 ಶೇಕಡ ಇದ್ದರೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು. ನೀವು ಸತ್ತ ಮೇಲೂ ಬತ್ತಿ ಉರಿಯುತ್ತಿರಬಹುದು. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ಅನಿಲ ಹೀರುತ್ತದೆ ಎಂಬುದೂ ಸುಳ್ಳು, ಇದು ನೀರಿನಲ್ಲಿ ಕರಗುವುದು ತೀರಾ ಅಲ್ಪ.

ಎಲ್ಲಕ್ಕಿಂತ ಗಟ್ಟಿಯಾದ ವಾದ ನಮ್ಮ ಮನೆಗಳಿಂದಲೇ ಬರುತ್ತದೆ. ಬಾಣಂತಿ ಕೋಣೆಯಲ್ಲಿ ಅಜ್ಜಿ ಕೆಂಡ ಇಡುತ್ತಿರಲಿಲ್ಲವೇ, ಯಾರಿಗೇನಾಯಿತು? ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಮನೆಗೆ ಹೆಂಚಿನ ಮಾಡು, ಹೆಂಚುಗಳ ನಡುವೆ ಸಂದಿ, ಗೋಡೆಗೂ ಮಾಡಿಗೂ ನಡುವೆ ಬಯಲು. ಜೊತೆಗೆ ಅಜ್ಜಿಯೋ ಅಮ್ಮನೋ ಗಂಟೆಗೊಮ್ಮೆ ಬಾಗಿಲು ತೆರೆದು ಒಳಗೆ ಬಂದು ಹೋಗುತ್ತಿದ್ದರು. ಅದೇ ಕೆಂಡವನ್ನು ಇಂದಿನ ಆರ್‌ಸಿಸಿ ಮನೆಯ ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಬಾಣಂತಿಗೂ ಮಗುವಿಗೂ ಅಪಾಯವೇ. ಟೆಂಟಿನಲ್ಲಂತೂ ಮಾಡಿನ ಸಂದಿಯೂ ಇಲ್ಲ, ಬಂದು ನೋಡುವ ಅಜ್ಜಿಯೂ ಇಲ್ಲ.

ಕೆಂಡಕ್ಕೆ ಹೇಳಿದ್ದೆಲ್ಲ ಗ್ಯಾಸ್ ಸ್ಟವ್‌ಗೂ ಪೆಟ್ರೋಲ್ ಸ್ಟವ್‌ಗೂ ಅನ್ವಯ. ಮಳೆ ಬಂತೆಂದು ಟೆಂಟ್ ಒಳಗೆ ಮ್ಯಾಗಿ ಬೇಯಿಸಲು ಕೂರಬೇಡಿ. ಫೋನ್ ಚಾರ್ಜ್ ಮಾಡಲು ಬೈಕ್ ಇಂಜಿನ್ ಚಾಲೂ ಇಟ್ಟು ಸೈಲೆನ್ಸರ್ ಟೆಂಟಿನ ಕಡೆ ತಿರುಗಿಸಿ ನಿಲ್ಲಿಸುವವರೂ ಇದ್ದಾರೆ. ಅದರಿಂದ ಬರುವುದೂ ಇದೇ ಅನಿಲ.

ಒಂದು ವೇಳೆ ಒಳಗೆ ಬೆಂಕಿ ಇದ್ದು ತಲೆ ಸಿಡಿಯುತ್ತಿದ್ದರೆ ಏನನ್ನೂ ಯೋಚಿಸದೆ ಹೊರಗೆ ಬನ್ನಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಬೇಡಿ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸಾಯುತ್ತಿರುವವರಿಗೂ 98 ತೋರಿಸಬಹುದು. ಬರೀ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ತಲೆ ತಿರುಗುವಾಗ ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ.

ಹಾಗಾದರೆ ಚಳಿಗೆ ಏನು ಮಾಡುವುದು? ಮಲಗಿದವರ ಬಿಸಿಯನ್ನು ಹೆಚ್ಚು ಕದಿಯುವುದು ನೆಲ. ಮೇಲೆ ಎರಡು ಕಂಬಳಿ ಹೊದೆಯುವ ಬದಲು ಒಂದನ್ನು ಕೆಳಗೆ ಹಾಸಿ, ದಪ್ಪ ಫೋಮ್ ಚಾಪೆ ಇದ್ದರೆ ಇನ್ನೂ ಒಳ್ಳೆಯದು. ಬೆವರಿನಲ್ಲೋ ಮಳೆಯಲ್ಲೋ ನೆನೆದ ಬಟ್ಟೆ ಬದಲಿಸಿ, ಒಳಗಿನ ಬನಿಯನ್ ಕೂಡ. ಹೊರಗೆ ಕಾಯಿಸಿದ ನೀರನ್ನು ಸ್ಟೀಲ್ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತೂರಿಸಿ ತೊಡೆಗಳ ನಡುವೆ ಇಟ್ಟುಕೊಂಡರೆ ಕೆಂಡದ ಆಸೆ ಅರ್ಧ ಹೋಗುತ್ತದೆ. ಎರಡು ಗೋಡೆಯ ಫ್ಲಾಸ್ಕ್ ಬೇಡ, ಅದು ಬಿಸಿಯನ್ನು ಹೊರಗೇ ಬಿಡುವುದಿಲ್ಲ. ರಮ್ ಮಾಡುವುದು ಉಲ್ಟಾ ಕೆಲಸ. ಚರ್ಮದ ರಕ್ತನಾಳ ಅಗಲವಾಗಿ ಮೈ ಬಿಸಿಯಾದಂತೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಸೋರುತ್ತದೆ.

ಉಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಉಪ್ಪಿನ ಗೆರೆಯನ್ನೂ ಹಗ್ಗವನ್ನೂ ಹಾವು ಸಲೀಸಾಗಿ ದಾಟುತ್ತದೆ. ಹಾವನ್ನು ತಡೆಯುವುದು ಪೂರ್ತಿ ಮುಚ್ಚಿದ ಜಿಪ್. ಸೊಳ್ಳೆಪರದೆಯ ಜಿಪ್ ಮುಚ್ಚಿದರೂ ಗಾಳಿ ಆಡುತ್ತದೆ. ಬೆಳಿಗ್ಗೆ ಬೂಟು, ಗ್ಲೌಸ್, ಹೆಲ್ಮೆಟ್ ಕೊಡವಿ ಹಾಕಿಕೊಳ್ಳಿ.

ಇನ್ನು ಪುಕ್ಕಟೆ ಜಾಗದ ಮಾತು. ಇಂಥ ಟಿಪ್ಸ್‌ನ ಮೂಲ ಬಹುಪಾಲು ಅಮೆರಿಕದ ವಿಡಿಯೋಗಳು. ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಮತ್ತು ಭೂ ನಿರ್ವಹಣಾ ಬ್ಯೂರೋ ಜಮೀನುಗಳಲ್ಲಿ ಅನೇಕ ಕಡೆ ಹಣ ಕೊಡದೆ, ಸಾಮಾನ್ಯವಾಗಿ 14 ದಿನದವರೆಗೆ ಟೆಂಟ್ ಹಾಕಲು ಕಾನೂನೇ ಬಿಡುತ್ತದೆ. ಇಲ್ಲಿ ಹಾಗಿಲ್ಲ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು, ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ. ಆ ವಿಡಿಯೋಗಳಲ್ಲಿ ತೋರಿಸುವ ಉಪಗ್ರಹ ಸಂದೇಶ ಯಂತ್ರವನ್ನು ತರಿಸಿಕೊಳ್ಳುವ ಯೋಚನೆ ಇದ್ದರೆ ಅದನ್ನೂ ಬಿಡಿ, ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಂಡರೆ ಕೇಸು ಬೀಳುತ್ತದೆ. ಒಂಟಿಯಾಗಿ ಹೋಗುವವರಿಗೆ ಇಲ್ಲಿ ಸುಲಭದ ದಾರಿ ಎಂದರೆ ಮಾಲೀಕರನ್ನು ಕೇಳಿ ತೋಟದಲ್ಲೋ ಹೋಂಸ್ಟೇ ಅಂಗಳದಲ್ಲೋ ಟೆಂಟ್ ಹಾಕುವುದು. ಪುಕ್ಕಟೆ ಆಗದಿರಬಹುದು, ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಿರುತ್ತಾರೆ.

112ರ ಫಾರ್ವರ್ಡ್ ಅರ್ಧ ಸತ್ಯ. ನಿಮ್ಮ ಸಿಮ್‌ನ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗಬಲ್ಲದು. ಯಾವ ಟವರೂ ಸಿಗದ ಕಣಿವೆಯಲ್ಲಿ 112 ಕೂಡ ಹೋಗುವುದಿಲ್ಲ. ಹಾಗಾಗಿ ಸಿಗ್ನಲ್ ಇರುವ ಕೊನೆಯ ಊರಿನಲ್ಲಿ ಗಾಡಿ ನಿಲ್ಲಿಸಿ ಮನೆಯಲ್ಲಿ ಒಬ್ಬರಿಗೆ ಸಂದೇಶ ಕಳಿಸಿ: ರಾತ್ರಿ ಎಲ್ಲಿ ಮಲಗುತ್ತೇನೆ, ಅಲ್ಲಿನ ಮ್ಯಾಪ್ ಲೊಕೇಶನ್, ಬೈಕ್ ನಂಬರ್, ಹತ್ತಿರದ ಠಾಣೆ ಯಾವುದು, ಬೆಳಿಗ್ಗೆ ಎಷ್ಟು ಗಂಟೆಯೊಳಗೆ ನನ್ನ ಫೋನ್ ಬರದಿದ್ದರೆ ಅಲ್ಲಿಗೆ ಕರೆ ಮಾಡಬೇಕು. ಎರಡು ನೀಲಿ ಗೆರೆ ಬಂದ ಮೇಲೆ ಗಾಡಿ ಎತ್ತಿ.