ಕಿಟ್ ಕೊಳ್ಳುವ ಮೊದಲು ಕಡ್ಡಿ ಎಣಿಸಿ

ಸೈಕಲ್ಲಿಗೆ ಮೋಟಾರು ಕೂರಿಸುವ ಕಿಟ್‌ನ ಪೆಟ್ಟಿಗೆಯ ಮೇಲೆ ಮೂರು ಸಂಖ್ಯೆಗಳು ದಪ್ಪಕ್ಷರದಲ್ಲಿರುತ್ತವೆ: ಇಷ್ಟು ವ್ಯಾಟ್, ಇಷ್ಟು ವೋಲ್ಟ್, ಇಷ್ಟು ಕಿಲೋಮೀಟರ್. ನಿಮ್ಮ ಗಾಲಿಗೆ ಎಷ್ಟು ಕಡ್ಡಿ ಎಂಬ ಪ್ರಶ್ನೆ ಆ ಪೆಟ್ಟಿಗೆಯ ಮೇಲೆ ಎಲ್ಲೂ ಇರುವುದಿಲ್ಲ. ನಮ್ಮ ಕಡೆಯ ಸೈಕಲ್ಲುಗಳ ಮಟ್ಟಿಗೆ ಮೊದಲು ಕೇಳಬೇಕಾದದ್ದೇ ಅದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಎರಡು ಬಗೆಯ ಸೈಕಲ್ಲುಗಳು ಹೆಚ್ಚು. ಒಂದು, ಅಪ್ಪಂದಿರ ಕಾಲದ ಕಪ್ಪು ಸೈಕಲ್ಲು: 28 ಇಂಚಿನ ಗಾಲಿ, ಕಂಬಿ ಬ್ರೇಕು, ಹಿಂದೆ ಮೂಟೆ ಹೊರುವ ಕ್ಯಾರಿಯರ್. ಇನ್ನೊಂದು, 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡಲು ಶುರುಮಾಡಿದ ಗೇರಿಲ್ಲದ ಉಕ್ಕಿನ ಸೈಕಲ್ಲು. ಮಗಳು ಕಾಲೇಜಿಗೆ ಹೋದ ಮೇಲೆ ಅದು ಹಟ್ಟಿಯ ಗೋಡೆಗೆ ಒರಗಿರುತ್ತದೆ. ಕಿಟ್ ಹಾಕಿಸೋಣವೆಂಬ ಆಸೆ ಹುಟ್ಟುವುದು ಸಾಮಾನ್ಯವಾಗಿ ಅದನ್ನು ನೋಡಿಯೇ.

ಕಪ್ಪು ಸೈಕಲ್ಲಿನ ಹಿಂದಿನ ರಿಮ್ಮಿನಲ್ಲಿ ಕಡ್ಡಿಗೆ 40 ತೂತು, ಮುಂದಿನದರಲ್ಲಿ 32. ಇದು ಬ್ರಿಟಿಷ್ ಮಾದರಿಯಿಂದ ಬಂದ ಲೆಕ್ಕ. ಕಿಟ್‌ಗಳ ಹಬ್ ಮೋಟಾರಿನಲ್ಲಿ ಸಾಮಾನ್ಯವಾಗಿ 36. ಹಾಗಾಗಿ ಇದ್ದ ರಿಮ್ಮಿಗೇ ಮೋಟಾರನ್ನು ಕಟ್ಟಲು ಆಗದು. ಕಿಟ್ ಜೊತೆ ಬರುವ 26 ಇಂಚಿನ ಸಿದ್ಧ ಗಾಲಿಯನ್ನೇ ತೊಡಿಸಿದರೆ ಕಂಬಿ ಬ್ರೇಕಿನ ರಬ್ಬರು ರಿಮ್ಮಿಗೆ ತಾಗುವುದಿಲ್ಲ. ಹಿಂದಿನ ಕವಲಿನ ಅಗಲವೂ ಅಡ್ಡಬರುತ್ತದೆ: ಗೇರಿಲ್ಲದ ಸೈಕಲ್ಲಿನಲ್ಲಿ ಅದು ಸುಮಾರು 110ರಿಂದ 120 ಮಿಲಿಮೀಟರ್, ಹಿಂಗಾಲಿಯ ಮೋಟಾರಿಗೆ ಬೇಕಾದದ್ದು 135. ಉಕ್ಕಿನ ಚೌಕಟ್ಟಾದರೆ ಅನುಭವಸ್ಥ ಮೆಕ್ಯಾನಿಕ್ ಅದನ್ನು ಒಂದಿಷ್ಟು ಅಗಲಿಸಬಲ್ಲ. ಅಲ್ಯೂಮಿನಿಯಂ ಆದರೆ ಆ ಸಾಹಸ ಬೇಡ, ಬಿರುಕು ಬಿಡುತ್ತದೆ. ಒಂದು ಟೇಪು ಹಿಡಿದು ಕವಲು ಅಳೆದು, ಟೈರಿನ ಮೇಲಿನ ಅಳತೆ ಬರೆದುಕೊಂಡು, ಕಡ್ಡಿ ಎಣಿಸಿ ಅಂಗಡಿಗೆ ಹೋದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಇನ್ನು ವ್ಯಾಟ್. ಸಮತಟ್ಟು ಟಾರು ರಸ್ತೆಯಲ್ಲಿ 65 ಕಿಲೋ ತೂಗುವ ಒಬ್ಬರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಲು ಗಾಲಿಗೆ ಮುಟ್ಟಬೇಕಾದ ಶಕ್ತಿ ಸುಮಾರು 110 ವ್ಯಾಟ್. ಅರ್ಧ ಟೈರಿನ ಎಳೆತಕ್ಕೆ ಹೋಗುತ್ತದೆ, ಇನ್ನರ್ಧ ಗಾಳಿಯನ್ನು ಸೀಳಲು. ಅದೇ 25ಕ್ಕೆ ಏರಿಸಿದರೆ ಸುಮಾರು 175 ಬೇಕು. ವೇಗ ಕಾಲುಪಾಲು ಹೆಚ್ಚಿತು, ಖರ್ಚು ಅರ್ಧಕ್ಕಿಂತಲೂ ಹೆಚ್ಚಿತು. ವೇಗ ಏರಿದಂತೆ ಗಾಳಿಗೆ ವ್ಯಯವಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಬೆಳೆಯುವುದೇ ಇದಕ್ಕೆ ಕಾರಣ. ಆರೋಗ್ಯವಂತರೊಬ್ಬರು ಏದುಸಿರಿಲ್ಲದೆ ಕೊಡಬಲ್ಲದ್ದು 75ರಿಂದ 100 ವ್ಯಾಟ್. ಅಂದರೆ ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ, ಚಾಮರಾಜ ನಾಲೆಯ ಏರಿಯ ಮೇಲೆ ಓಡಾಡುವವರಿಗೆ ಮೋಟಾರು ಬೇಕಾಗುವುದು ಎದುರುಗಾಳಿಗೆ ಮತ್ತು ಮಂಡಿನೋವಿಗೆ, ಅಷ್ಟೆ.

ಪಿರಿಯಾಪಟ್ಟಣದ, ಎಚ್.ಡಿ. ಕೋಟೆಯ ಉಬ್ಬುತಗ್ಗಿಗೆ ಬಂದರೆ ಲೆಕ್ಕ ತಿರುಗುತ್ತದೆ. ಡೈರಿಗೆ ಹಾಲು ಹಾಕಲು ಇಪ್ಪತ್ತು ಲೀಟರಿನ ಎರಡು ಕ್ಯಾನು ತುಂಬಿ ಹೊರಟರೆ ಆಳು, ಸೈಕಲ್ಲು, ಕಿಟ್, ಹಾಲು ಎಲ್ಲ ಸೇರಿ 140 ಕಿಲೋ ಮುಟ್ಟುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ಒರಟು ದಾರಿಯಲ್ಲಿ ಬರೀ ಗಂಟೆಗೆ 10 ಕಿ.ಮೀ. ವೇಗಕ್ಕೇ ಸುಮಾರು 250 ವ್ಯಾಟ್ ಬೇಕು. ಇಲ್ಲಿ ಗಾಳಿ ಲೆಕ್ಕಕ್ಕಿಲ್ಲ, ಬಹುಪಾಲು ಭಾರ ಎತ್ತುವ ಕೆಲಸ. ಗಾಲಿಯನ್ನು ತಿರುಚುವ ಬಲದಲ್ಲಿ ಹೇಳುವುದಾದರೆ ಸುಮಾರು 30 ನ್ಯೂಟನ್ ಮೀಟರ್. ಹಾಗಾಗಿ ಏರುಸೀಮೆಯವರು ಅಂಗಡಿಯಲ್ಲಿ ಕೇಳಬೇಕಾದ ಸಂಖ್ಯೆ ವ್ಯಾಟ್ ಅಲ್ಲ, ಟಾರ್ಕ್. ಮೂವತ್ತೈದು, ನಲವತ್ತು ನ್ಯೂಟನ್ ಮೀಟರ್ ಕೊಡುವ ಮೋಟಾರು, ಜೊತೆಗೆ ನಿಮ್ಮ ಕಾಲು. ಅಷ್ಟಿದ್ದರೆ ದಿಬ್ಬ ಹತ್ತುತ್ತದೆ.

ಆದರೆ 500, 750 ವ್ಯಾಟ್‌ನ ಕಿಟ್ ಯಾಕಾಗಬಾರದು? ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿ.ಮೀ. ಮುಟ್ಟುವಾಗ ಮೋಟಾರಿನ ನೆರವು ನಿಂತುಹೋದರೆ ಅದು ಇನ್ನೂ ಸೈಕಲ್ಲೇ: ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಅದಕ್ಕೂ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷಾ ಪ್ರಮಾಣಪತ್ರ ಇರಬೇಕು, ಕಿಟ್ ಕೊಳ್ಳುವಾಗ ಅದನ್ನು ಕೇಳಿ. ಮಿತಿ ಮೀರಿದರೆ ಕಾನೂನಿನ ಕಣ್ಣಿಗೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅಷ್ಟು ಶಕ್ತಿಯೇ ಬೇಕಿದ್ದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಉತ್ತರ ಆಗಲೇ ಇದೆ, ಟಿವಿಎಸ್ ಎಕ್ಸೆಲ್. ಅದರ 100 ಸಿಸಿ ಎಂಜಿನ್ನಿನ ಶಕ್ತಿ ಮೂರು ಸಾವಿರ ವ್ಯಾಟ್ ದಾಟುತ್ತದೆ. ಸೈಕಲ್ ಕಿಟ್ ಅದರ ಜೊತೆ ಪೈಪೋಟಿಗೆ ಇಳಿದರೆ ಸೋಲುವುದು ಖಂಡಿತ. ದಿನಾ ಮೂರು ಮೂಟೆ ಗೊಬ್ಬರ ಹೊರಬೇಕಾದವರು ಕಿಟ್‌ಗೆ ದುಡ್ಡು ಹಾಕಬಾರದು ಎಂದೇ ನನ್ನ ಅಭಿಪ್ರಾಯ.

ಮೋಟಾರುಗಳಲ್ಲಿ ಮೂರ್ನಾಲ್ಕು ಜಾತಿ. ಎಡಬದಿಗೆ ಇನ್ನೊಂದು ಚೈನ್ ಹಾಕಿ ಎಳೆಯುವ ಬ್ರಷ್ ಮೋಟಾರು ಅಗ್ಗ. ಸದ್ದು ಹೆಚ್ಚು, ಇಂಗಾಲದ ಬ್ರಷ್ ಸವೆಯುತ್ತದೆ, ಕೆಸರಲ್ಲಿ ಎರಡನೇ ಚೈನು ಎರಡನೇ ತಲೆನೋವು. ಹಬ್ಬಿನೊಳಗೇ ಕೂರುವ ಮೋಟಾರುಗಳಲ್ಲಿ ಎರಡು ಬಗೆ. ಗೇರಿಲ್ಲದ್ದು ದಪ್ಪ, ಐದಾರು ಕಿಲೋ, ಬ್ಯಾಟರಿ ಮುಗಿದಾಗ ಆಯಸ್ಕಾಂತದ ಎಳೆತದಿಂದ ತುಳಿಯಲು ಭಾರ. ಒಳಗೆ ಪುಟ್ಟ ಗೇರುಗಳಿರುವುದು ಎರಡೂವರೆ, ಮೂರು ಕಿಲೋ. ಅದರ ಮೋಟಾರು ಗಾಲಿಗಿಂತ ನಾಲ್ಕೈದು ಪಟ್ಟು ವೇಗದಲ್ಲಿ ಸುತ್ತುವುದರಿಂದ ನಿಧಾನದ ಏರಿನಲ್ಲೂ ಬಲ ಕೊಡುತ್ತದೆ, ಕರೆಂಟು ನಿಂತಾಗ ಒಳಗಿನ ಫ್ರೀವೀಲ್ ಗಾಲಿಯನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಪೆಡಲಿನ ಬುಡದಲ್ಲಿ ಕೂರುವ ಮಿಡ್ ಡ್ರೈವ್ ಏರಿಗೆ ಎಲ್ಲಕ್ಕಿಂತ ಮೇಲು, ಆದರೆ ಅದರ ಲಾಭ ಗೇರಿನ ಸೈಕಲ್ಲಿಗೆ. ಕಾಟರ್ ಪಿನ್ನಿನ ಹಳೆಯ ಸೈಕಲ್ಲಿಗೆ ಅದು ಹೊಂದುವುದೂ ಕಷ್ಟ. ಉಳಿಯುವುದು ಗೇರಿರುವ ಹಬ್ ಮೋಟಾರು. ಕೊಳ್ಳುವಾಗ ಅದರ ಆರ್‌ಪಿಎಂ ಕೇಳಿ. 26 ಇಂಚಿನ ಗಾಲಿ ನಿಮಿಷಕ್ಕೆ 200 ಸುತ್ತು ಹೊಡೆದರೆ ವೇಗ ಗಂಟೆಗೆ 25 ಕಿ.ಮೀ. ಆಸುಪಾಸು. ಮುನ್ನೂರು ದಾಟುವ ಮೋಟಾರು, ಅದಕ್ಕೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಅಷ್ಟೇ ಕರೆಂಟು ಕೊಟ್ಟರೂ, ಕಡಿಮೆ ಬಲದಿಂದ ಎಳೆಯುತ್ತದೆ. ಬಯಲಲ್ಲಿ ಓಡಿ ದಿಬ್ಬದಲ್ಲಿ ಕೈಕೊಡುವುದು ಅಂಥದ್ದೇ.

ಮುಂದಿನ ಗಾಲಿಗೋ ಹಿಂದಿನದಕ್ಕೋ? ಮುಂದಿನದು ಸುಲಭ, ಫ್ರೀವೀಲ್ ಬಿಚ್ಚುವ ಗೋಜಿಲ್ಲ. ಆದರೆ ನಮ್ಮಲ್ಲಿ ಭಾರವೆಲ್ಲ ಹಿಂದಿನ ಕ್ಯಾರಿಯರ್ ಮೇಲೆ. ಮಳೆಗಾಲದ ಕೆಮ್ಮಣ್ಣಿನ ಏರಿನಲ್ಲಿ ಹಗುರಾದ ಮುಂಗಾಲಿ ಸುತ್ತಿದಲ್ಲೇ ಸುತ್ತುತ್ತದೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದವರಿಗೆ ಹಿಂಗಾಲಿ, ನಾಲೆಬಯಲಿನವರಿಗೆ ಮುಂಗಾಲಿ ಸಾಕು. ಮುಂದೆ ಹಾಕುವುದಾದರೆ ಉಕ್ಕಿನ ಫೋರ್ಕಿಗೆ ಮಾತ್ರ. ಶಾಕ್ ಅಬ್ಸಾರ್ಬರ್ ಇರುವ ಅಗ್ಗದ ಅಲಾಯ್ ಫೋರ್ಕಿನ ತುಟಿಯನ್ನು ಮೋಟಾರಿನ ಆಕ್ಸಲ್ ತಿರುಚಿ ಮುರಿಯಬಲ್ಲದು, ಗಾಲಿಯೇ ಕಳಚಿ ಬೀಳುತ್ತದೆ. ಮುಂದಾಗಲಿ ಹಿಂದಾಗಲಿ, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಹಾಕಿಸದೆ ಅಂಗಡಿಯಿಂದ ಹೊರಡಬೇಡಿ.

ಕಿಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು, ಮೋಸ ಹೆಚ್ಚು ನಡೆಯುವುದೂ ಅಲ್ಲೇ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ: 36 ವೋಲ್ಟ್, 10 ಆಂಪಿಯರ್ ಅವರ್ ಎಂದರೆ 360 ವ್ಯಾಟ್ ಅವರ್. ತುಳಿಯದೆ ಬರೀ ಎಕ್ಸಿಲೇಟರ್ ಒತ್ತಿದರೆ ನಮ್ಮ ರಸ್ತೆಗಳಲ್ಲಿ ಕಿಲೋಮೀಟರಿಗೆ 10ರಿಂದ 15 ವ್ಯಾಟ್ ಅವರ್ ಹೋಗುತ್ತದೆ. ಬ್ಯಾಟರಿಯನ್ನು ತಳ ಕಾಣುವಷ್ಟು ಬಸಿಯಬಾರದು, ಆದ್ದರಿಂದ ಕೈಗೆ ಸಿಗುವುದು 20ರಿಂದ 30 ಕಿ.ಮೀ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಸುಮಾರು 25. ಹೋಗಬಹುದು, ವಾಪಸ್ಸಿಗೆ ಅಲ್ಲಿ ಚಾರ್ಜ್ ಮಾಡಬೇಕು. ಪೆಟ್ಟಿಗೆಯ ಮೇಲಿನ ಐವತ್ತು ಕಿ.ಮೀ. ಸುಳ್ಳಲ್ಲ, ಅದು ತೆಳ್ಳಗಿನ ಸವಾರ ಸಮತಟ್ಟಿನಲ್ಲಿ ತುಳಿಯುತ್ತಲೇ ಹೋದಾಗಿನ ಲೆಕ್ಕ.

ಲೆಡ್ ಆಸಿಡ್ ಬ್ಯಾಟರಿ ಅಗ್ಗವೆಂದು ಮರುಳಾಗಬೇಡಿ. 12 ವೋಲ್ಟಿನ ಮೂರು ಡಬ್ಬಿ ಸೇರಿ ಹನ್ನೆರಡು ಕಿಲೋ, ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನಾ ಬಸಿದರೆ ಬೇಗ ಸಾಯುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಪ್ಯಾಕ್ ಮೂರು ಕಿಲೋ ಚಿಲ್ಲರೆ. ಲಿಥಿಯಂನಲ್ಲೂ ಐರನ್ ಫಾಸ್ಫೇಟ್ ಬಗೆಯದು ತುಸು ಭಾರ, ಆದರೆ ಹೆಚ್ಚು ಬಾಳುತ್ತದೆ, ಕಾವನ್ನು ಹೆಚ್ಚು ತಾಳುತ್ತದೆ. ಎರಡು ಬಗೆಯ ಪೂರ್ಣ ಚಾರ್ಜಿನ ವೋಲ್ಟೇಜ್ ಬೇರೆ ಬೇರೆ. ಪಕ್ಕದ ಮನೆಯ ಚಾರ್ಜರ್ ಪಿನ್ನು ಹೊಂದಿತೆಂದು ಚುಚ್ಚಬೇಡಿ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಬ್ಯಾಟರಿಯ ಸುರಕ್ಷತೆ ಮನೆಮಾತಾಯಿತು. ಸೆಲ್‌ಗಳನ್ನು ಕಾಯುವ ಬಿಎಂಎಸ್ ಇಲ್ಲದ, ಯಾರೋ ಹಳೆಯ ಲ್ಯಾಪ್‌ಟಾಪ್ ಸೆಲ್ ಜೋಡಿಸಿ ಸುತ್ತಿಕೊಟ್ಟ ಪ್ಯಾಕ್ ಎಷ್ಟೇ ಅಗ್ಗವಾದರೂ ಬೇಡ.

ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದವರಿಗೆ ಒಂದು ವಿಶೇಷ ಮಾತು. ಸೊಪ್ಪು ಹದಮಾಡುವ ಬ್ಯಾರನ್ನಿನ ಒಳಗೆ ಕೊನೆಯ ಹಂತದಲ್ಲಿ ಕಾವು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ರಾತ್ರಿ ಒಲೆ ಕಾಯಲು ಹೋದವರು ಸೈಕಲ್ಲನ್ನು ಬ್ಯಾರನ್ ಗೋಡೆಗೇ ಒರಗಿಸಿ ಅಲ್ಲೇ ಚಾರ್ಜಿಗೆ ಹಾಕುವುದು ಸಹಜ. ಲಿಥಿಯಂ ಬ್ಯಾಟರಿ 45 ಡಿಗ್ರಿ ಮೀರಿದ ಕಾವಿನಲ್ಲಿ ಚಾರ್ಜ್ ಆಗಬಾರದು, ಬಿಸಿಯಲ್ಲಿ ತುಂಬಿಸಿಟ್ಟರೂ ಅದರ ಆಯುಸ್ಸು ಕರಗುತ್ತದೆ. ಬಿಚ್ಚಿ ಮನೆಯ ತಂಪಾದ ಮೂಲೆಗೆ ತನ್ನಿ. ಒಮ್ಮೆ ತುಂಬಲು ಅರ್ಧ ಯೂನಿಟ್ಟೂ ಬೇಡ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮನೆಗಳಲ್ಲಿ ತಿಂಗಳ ಮಿತಿಯೊಳಗೆ ಇದ್ದರೆ ಅದರ ಖರ್ಚು ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ. ಕೆ.ಆರ್. ನಗರದವರಿಗೂ ಒಂದು ಮಾತು: ಎತ್ತು ತೊಳೆದಂತೆ ಸೈಕಲ್ಲನ್ನೂ ನಾಲೆಗಿಳಿಸಿ ತೊಳೆಯುವ ಅಭ್ಯಾಸ ಬಿಡಬೇಕಾಗುತ್ತದೆ. ಹಬ್ ಮೋಟಾರು ಮಳೆ ತಡೆದೀತು, ಮುಳುಗಿದರೆ ಆಕ್ಸಲ್ಲಿನ ತಂತಿಯ ದಾರಿಯಲ್ಲಿ ನೀರು ಒಳಹೋಗುತ್ತದೆ.

ಬ್ರೇಕಿನ ಖರ್ಚನ್ನು ಕಿಟ್ ಖರ್ಚಿಗೇ ಸೇರಿಸಿಕೊಳ್ಳಿ. ಒದ್ದೆ ರಿಮ್ಮಿನಲ್ಲಿ ಕಂಬಿ ಬ್ರೇಕು ಮೊದಲೇ ಮಂದ, ಈಗ ಭಾರವೂ ವೇಗವೂ ಹೆಚ್ಚಿದೆ. ಕೇಬಲ್ ಬ್ರೇಕಿಗೆ ಬದಲಾಯಿಸಿದರೆ, ಹಿಡಿ ಒತ್ತಿದ ಕ್ಷಣವೇ ಮೋಟಾರಿಗೆ ಕರೆಂಟು ತಪ್ಪಿಸುವ ಲಿವರುಗಳನ್ನೂ ಹಾಕಬಹುದು. ಕಂಬಿ ಬ್ರೇಕಿಗೆ ಆ ಸೌಲಭ್ಯ ಕೂರುವುದಿಲ್ಲ.

ಕಡೆಗೆ ಅಂಗಡಿ. ದೂರದಿಂದ ಕೊರಿಯರಿನಲ್ಲಿ ಬಂದ ಕಿಟ್‌ನ ಕಂಟ್ರೋಲರ್ ಸುಟ್ಟರೆ ಅದು ಮತ್ತೆ ಬರುವವರೆಗೆ ಸೈಕಲ್ಲು ನಿಂತೇ ಇರುತ್ತದೆ. ಮೈಸೂರಿನಲ್ಲೋ ಹುಣಸೂರಿನಲ್ಲೋ ಬಿಡಿಭಾಗ ಇಟ್ಟಿರುವವರಲ್ಲಿ ಸ್ವಲ್ಪ ಹೆಚ್ಚು ತೆತ್ತು ಕೊಂಡರೂ ನಷ್ಟವಿಲ್ಲ. ಕಂಟ್ರೋಲರ್, ಎಕ್ಸಿಲೇಟರ್, ಪೆಡಲ್ ಸೆನ್ಸರ್ ಈ ಮೂರು ಅವರ ಕಪಾಟಿನಲ್ಲಿವೆಯೇ, ಬ್ಯಾಟರಿಯ ವಾರಂಟಿ ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ. ಜೋಡಿಸಿದ ಮೇಲೆ ಖಾಲಿ ಸೈಕಲ್ಲು ಓಡಿಸಿ ನೋಡಿ ಖುಷಿಪಟ್ಟು ಬರಬೇಡಿ. ದಿನಾ ಹೊರುವ ಭಾರ ಹೇರಿ, ಹತ್ತಿರದ ದಿಬ್ಬವೊಂದನ್ನು ತುಳಿಯುತ್ತಾ ಹತ್ತಿ, ಮೇಲೆ ನಿಂತು ಮೋಟಾರಿನ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಆ ಕಿಟ್ ನಿಮ್ಮ ದಾರಿಗೆ ಸಾಲದು, ಹಣ ಕೊಡುವ ಮೊದಲೇ ಬದಲಿಸಿಕೊಳ್ಳಿ.