ಮನೋರೋಗ ಚಿಕಿತ್ಸೆಯೂ ದಾನಿಗಳ ಹಣವೂ

ಕ್ಷಯರೋಗದ ನಿವಾರಣೆಗೆ ಧನ ನೀಡುವ ಉದಾರಿಗಳು ಎಲ್ಲ ದೇಶಗಳಲ್ಲಿಯೂ ದೊರೆಯುತ್ತಾರೆ. ಮನಸ್ಸಿನ ಬೇನೆಗೆ ಕೈಯೆತ್ತಿ ಕೊಡುವವರು ವಿರಳ. ಕ್ಷಯದಿಂದ ಗುಣಹೊಂದಿದವನು ತನ್ನ ಕಥೆಯನ್ನು ನಾಲ್ಕು ಜನರ ಮುಂದೆ ಹೇಳಬಲ್ಲನು. ಹುಚ್ಚಾಸ್ಪತ್ರೆಯಿಂದ ಹೊರಬಂದವನ ಮಾತನ್ನು ನಂಬುವವರಾರು?

ಈ ಮೌನವನ್ನು ಮುರಿದವನು ಅಮೆರಿಕದ ಕ್ಲಿಫರ್ಡ್ ಬಿಯರ್ಸ್. ಯೇಲ್ ವಿಶ್ವವಿದ್ಯಾನಿಲಯದ ಪದವೀಧರನಾದ ಈತನು 1900ರಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದನು. ಮುಂದಿನ ಮೂರು ವರ್ಷಗಳು ಕನೆಕ್ಟಿಕಟ್ ಸಂಸ್ಥಾನದ ಮೂರು ಆಸ್ಪತ್ರೆಗಳಲ್ಲಿ ಕಳೆದುವು. ಕೈಗಳನ್ನು ಬಿಗಿದು ಕಟ್ಟುವ ಅಂಗಿ, ಕಾವಲುಗಾರರ ಹೊಡೆತ, ಒಂಟಿ ಕೋಣೆಯ ಚಳಿ, ಇವೆಲ್ಲವನ್ನೂ ಕಂಡು ಬಂದ ಆತನು 1908ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದನು. ಮರುವರ್ಷವೇ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮಿತಿಯು ಹುಟ್ಟಿತು.

ಸಮಿತಿಯೇನೋ ಹುಟ್ಟಿತು, ಬೊಕ್ಕಸ ಮಾತ್ರ ಬರಿದು. ಬಿಯರ್ಸನು ಸಾಲ ಮಾಡಿಕೊಂಡು ಓಡಾಡಬೇಕಾಯಿತು. ಆಗ ನೆರವಿಗೆ ಬಂದವನು ಉಕ್ಕಿನ ಉದ್ಯಮದಲ್ಲಿ ಕಾರ್ನೆಗಿಯ ಪಾಲುಗಾರನಾಗಿದ್ದ ಹೆನ್ರಿ ಫಿಪ್ಸ್. ಬಿಯರ್ಸನ ಪುಸ್ತಕವನ್ನೋದಿದ್ದ ಈತನು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಒಂದು ಮನೋರೋಗ ಚಿಕಿತ್ಸಾಲಯವನ್ನೇ ಕಟ್ಟಿಸಿಕೊಟ್ಟನು. ಅದು 1913ರಲ್ಲಿ ತೆರೆಯಿತು. ಸಮಿತಿಗೂ 50,000 ಡಾಲರುಗಳನ್ನು ಕೊಟ್ಟನು. ಆ ಹಣದ ಬಲದಿಂದ 1912ರಲ್ಲಿ ವೈದ್ಯ ಥಾಮಸ್ ಸಾಲ್ಮನ್ ಸಮಿತಿಯ ಕೆಲಸಕ್ಕೆ ಬಂದನು. ಮುಂದೆ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೈಗೂಡಿಸಿತು. ಸಂಸ್ಥಾನ ಸಂಸ್ಥಾನಗಳಲ್ಲಿ ರೋಗಿಗಳ ಸ್ಥಿತಿಯನ್ನು ಪರಿಶೀಲಿಸಿ, ಎಣಿಸಿ, ವರದಿಗಳನ್ನು ಶಾಸನಸಭೆಗಳ ಮುಂದಿಡುವ ಕಾರ್ಯ ಆರಂಭವಾಯಿತು. ದಾನದ ಹಣವು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನಮಗೆ ತೋರುತ್ತದೆ. ಹಾಸಿಗೆಗಳನ್ನು ಕೊಳ್ಳುವುದಕ್ಕಿಂತ, ಎಷ್ಟು ಹಾಸಿಗೆ ಬೇಕೆಂಬುದನ್ನು ಸರ್ಕಾರಕ್ಕೆ ತಿಳಿಸುವುದೇ ಹೆಚ್ಚು ಕಠಿಣ.

ಆದರೆ ದಾನಿಗಳ ಒಲವು ಬೇಗನೆ ಬೇರೆಡೆಗೆ ತಿರುಗಿತು. 1922ರಿಂದ ಕಾಮನ್‌ವೆಲ್ತ್ ನಿಧಿಯು ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯಗಳನ್ನು ಪ್ರಯೋಗಾರ್ಥವಾಗಿ ನಡೆಸಿತು. ಬೇನೆ ಬಾರದಂತೆ ತಡೆಯುವುದು ಆಕರ್ಷಕವಾದ ಧ್ಯೇಯ. ಬಂದುಹೋದ ಬೇನೆಯನ್ನು ಹೊತ್ತು ಗೋಡೆಗಳೊಳಗೆ ಕುಳಿತವರದು ಖರ್ಚೇ ಹೊರತು ಕೀರ್ತಿಯಿಲ್ಲದ ಕೆಲಸ. ಬಿಯರ್ಸನು ಮೊದಲು ದನಿಯೆತ್ತಿದ್ದುದು ಇವರಿಗಾಗಿಯೇ ಎಂಬುದನ್ನು ನಾವು ಮರೆಯಬಾರದು. ಆತನು ಮತ್ತೆ ಅಸ್ವಸ್ಥನಾಗಿ 1943ರಲ್ಲಿ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿಯೇ ತೀರಿಕೊಂಡನು.

1946ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆಯು ಸರ್ಕಾರಿ ಹುಚ್ಚಾಸ್ಪತ್ರೆಗಳ ಚಿತ್ರಗಳನ್ನು ಅಚ್ಚುಮಾಡಿತು. ಬತ್ತಲೆ ರೋಗಿಗಳು, ಕಿಕ್ಕಿರಿದ ಕೋಣೆಗಳು! ಅದೇ ಜುಲೈಯಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಮಾನಸಿಕ ಆರೋಗ್ಯ ಶಾಸನಕ್ಕೆ ಸಹಿ ಹಾಕಿದನು. ಅದರ ಫಲವಾಗಿ 1949ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ದಾನಿಗಳು ತೋರಿಸಿಕೊಟ್ಟಿದ್ದ ಸಂಶೋಧನೆ, ತರಬೇತಿ, ಊರೊಳಗಿನ ಚಿಕಿತ್ಸಾಲಯ, ಈ ಮೂರಕ್ಕೂ ಕೇಂದ್ರದ ಹಣ ಒದಗಿತು. ಹಳೆಯ ಆಸ್ಪತ್ರೆಗಳ ದಿನನಿತ್ಯದ ವೆಚ್ಚವು ಮಾತ್ರ ಸಂಸ್ಥಾನಗಳ ತಲೆಯ ಮೇಲೆಯೇ ಉಳಿಯಿತು. 1955ರಲ್ಲಿ ಆ ಗೋಡೆಗಳ ಒಳಗಿದ್ದವರು ಸುಮಾರು 5.5 ಲಕ್ಷ ಜನ.